ಬೆರಳ ತುದಿ ನೋಯುತ್ತದೆ, ಬೇರೆ ಎಲ್ಲಿ ಚುಚ್ಚಿಕೊಳ್ಳಲಿ?

ಪ್ರಶ್ನೆ: ನನಗೆ 61 ವರ್ಷ. ಸಾಗರದ ಹತ್ತಿರ ಹಳ್ಳಿ. ಹನ್ನೆರಡು ವರ್ಷದಿಂದ ಶುಗರ್ ಇದೆ, ಎರಡು ವರ್ಷದಿಂದ ಬೆಳಿಗ್ಗೆ ಸಂಜೆ ಇನ್ಸುಲಿನ್. ದಿನಕ್ಕೆ ಎರಡು ಸಲ ಮಶೀನಿನಲ್ಲಿ ನೋಡಿಕೊಳ್ಳಿ ಎಂದು ನಮ್ಮ ಡಾಕ್ಟರು ಹೇಳಿದ್ದಾರೆ. ಬೆರಳ ತುದಿಯೆಲ್ಲ ಕಪ್ಪು ಚುಕ್ಕೆಯಾಗಿದೆ. ಹೂ ಕಟ್ಟಲು ಕೂತರೆ, ಹುಣಸೆಹಣ್ಣು ಕಿವುಚಿದರೆ ಚುರುಚುರು ಉರಿ. ಅಡಿಕೆ ಸುಲಿತದ ಕಾಲದಲ್ಲಂತೂ ಕೇಳಲೇಬೇಡಿ. ಬೆಂಗಳೂರಲ್ಲಿರುವ ಮಗ "ಮುಂಗೈಗೆ ಚುಚ್ಚಿಕೋ ಅಮ್ಮ, ನೋವಾಗಲ್ಲ" ಅನ್ನುತ್ತಾನೆ. ಚುಚ್ಚದೇ ಶುಗರ್ ತೋರಿಸುವ ವಾಚು ಬಂದಿದೆ, ಕಳಿಸುತ್ತೇನೆ ಎಂದೂ ಹೇಳುತ್ತಿದ್ದಾನೆ. ಕಾಲ್ಬೆರಳಿಗೆ ಚುಚ್ಚಿದರೆ ಆಗುವುದಿಲ್ಲವೇ? ನಮ್ಮ ಯಜಮಾನರಿಗೂ ಶುಗರ್ ಇದೆ, ಬೆರಳಿಗೆ ಚುಚ್ಚಿಕೊಳ್ಳಲು ಇಬ್ಬರಿಗೂ ಒಂದೇ ಪೆನ್ನು. ಸೂಜಿಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ಉತ್ತರ: ನಿಮ್ಮ ಪತ್ರದ ಬಾಲದಿಂದಲೇ ಶುರುಮಾಡುತ್ತೇನೆ. ಇಬ್ಬರೂ ಒಂದೇ ಪೆನ್ನು ಬಳಸುವುದನ್ನು ಇವತ್ತೇ ನಿಲ್ಲಿಸಿ. ಸೂಜಿ ಬದಲಿಸಿಕೊಂಡು ಬಳಸುತ್ತೇವೆ ಅಂದರೂ ಬೇಡ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ಬೆರಳಿಗೆ ಬರೋಣ.

ಶುಗರ್ ಇರುವವರು ಕ್ಲಿನಿಕ್ಕಿಗೆ ಬಂದರೆ ನಾನು ರಿಪೋರ್ಟಿನ ಕವರು ಬಿಚ್ಚುವ ಮೊದಲು ಕೈ ತೋರಿಸಿ ಅನ್ನುತ್ತೇನೆ. ಭವಿಷ್ಯ ಹೇಳುತ್ತಾರೇನೋ ಎಂದು ಕೆಲವರು ನಗುತ್ತಾರೆ. ಬಹಳ ಮಂದಿಯ ಕೈಯಲ್ಲಿ ಕಾಣುವುದು ಒಂದೇ ಚಿತ್ರ: ಎಡಗೈ ತೋರುಬೆರಳು, ಅದರ ತಿರುಳಿನ ನಟ್ಟನಡುವೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳ ಗುಂಪು. ಪಕ್ಕದ ಬೆರಳುಗಳ ಮೇಲೆ ಒಂದು ಗೀರೂ ಇರುವುದಿಲ್ಲ. ದಿನಕ್ಕೆರಡು ಸಲ ಅಂದರೆ ವರ್ಷಕ್ಕೆ 730 ಸಲ. ಅಷ್ಟನ್ನೂ ಕಡಲೆಬೇಳೆಯಷ್ಟು ಜಾಗದ ಮೇಲೆ ಹೊರಿಸಿದರೆ ಅದು ಉರಿಯದೆ ಇನ್ನೇನು ಮಾಡೀತು? ನಿಮ್ಮ ಬೆರಳನ್ನು ನಾನು ನೋಡಿಲ್ಲ, ಆದರೆ ಹೂ ಕಟ್ಟುವಾಗ ಉರಿಯುತ್ತದೆ ಅಂದ ಮೇಲೆ ಚುಚ್ಚುತ್ತಿರುವ ಜಾಗ ಯಾವುದು ಎಂದು ಊಹಿಸಬಲ್ಲೆ. ನಾರನ್ನು ಒತ್ತಿ ಹಿಡಿಯುವ ಜಾಗವೇ ಅದು.

ಆದ್ದರಿಂದ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬೆರಳನ್ನು ಬಿಟ್ಟು ಓಡುವುದಕ್ಕಿಂತ ಬೆರಳಿನೊಳಗೇ ಅರ್ಧ ಸೆಂಟಿಮೀಟರ್ ಪಕ್ಕಕ್ಕೆ ಸರಿಯಿರಿ. ಮುಂಗೈ ಕೆಲವು ಹೊತ್ತಿಗೆ ಮಾತ್ರ ಆಗುತ್ತದೆ, ಇನ್ಸುಲಿನ್ ತೆಗೆದುಕೊಳ್ಳುವ ನಿಮಗೆ ಆ ಹೊತ್ತುಗಳು ಇನ್ನೂ ಕಡಿಮೆ. ಕಾಲು ಬೇಡವೇ ಬೇಡ.

ಬೆರಳ ತುದಿ ಯಾಕಿಷ್ಟು ನೋಯುತ್ತದೆ ಎಂದು ತಿಳಿಯಬೇಕಾದರೆ ಮನೆಯಲ್ಲೇ ಒಂದು ಆಟ ಆಡಬಹುದು. ಎರಡು ಬೆಂಕಿಕಡ್ಡಿಗಳನ್ನು ಮೂರ್ನಾಲ್ಕು ಮಿಲಿಮೀಟರ್ ಅಂತರದಲ್ಲಿ ಜೋಡಿಸಿ ಹಿಡಿದು, ಕಣ್ಣು ಮುಚ್ಚಿಕೊಂಡವರ ಬೆರಳ ತುದಿಗೆ ಮೆಲ್ಲಗೆ ತಾಗಿಸಿ. ಎರಡು ಕಡ್ಡಿ ಎಂದು ಸಲೀಸಾಗಿ ಹೇಳುತ್ತಾರೆ. ಅದೇ ಕಡ್ಡಿಗಳನ್ನು ಮುಂಗೈ ಮೇಲೆ ತಾಗಿಸಿ, ಒಂದೇ ಅನ್ನುತ್ತಾರೆ. ಅಲ್ಲಿ ಎರಡು ಎಂದು ಗೊತ್ತಾಗಬೇಕಾದರೆ ಕಡ್ಡಿಗಳ ನಡುವೆ ಮೂರ್ನಾಲ್ಕು ಸೆಂಟಿಮೀಟರ್ ಅಂತರ ಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೆ, ಸೀರೆಯ ನೂಲು ಮುಟ್ಟಿ ನೋಡುವುದಕ್ಕೆ ದೇವರು ಬೆರಳ ತಿರುಳಿನಲ್ಲಿ ಅಷ್ಟು ನರಗಳನ್ನು ಒತ್ತೊತ್ತಾಗಿ ತುಂಬಿಟ್ಟಿದ್ದಾನೆ. ನಾವು ಹೋಗಿ ಅದೇ ಜಾಗಕ್ಕೆ ಸೂಜಿ ಹಾಕುತ್ತೇವೆ.

ಹಾಗಾದರೆ ಮುಂಗೈ ಸರಿಯಲ್ಲವೇ, ಮಗ ಹೇಳಿದ್ದು ನಿಜವಾಯಿತಲ್ಲ ಅನ್ನಬಹುದು. ನೋವಿನ ಮಟ್ಟಿಗೆ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ತೊಡಕು ಇರುವುದು ರಕ್ತದ ಓಟದಲ್ಲಿ. ಬೆರಳ ತುದಿಯಲ್ಲಿ ಮತ್ತು ಅಂಗೈಯಲ್ಲಿ ಶುದ್ಧ ರಕ್ತ ತರುವ ಸಣ್ಣ ನಾಳಗಳಿಂದ ಹಿಂದಕ್ಕೆ ಒಯ್ಯುವ ನಾಳಗಳಿಗೆ ನೇರ ಅಡ್ಡದಾರಿಗಳಿವೆ. ಮೈಯ ಬಿಸಿಯನ್ನು ಹದದಲ್ಲಿಡುವುದಕ್ಕಾಗಿ ಇರುವ ಏರ್ಪಾಡು ಅದು. ಹಾಗಾಗಿ ಅಲ್ಲಿ ರಕ್ತ ರಭಸದಿಂದ ಹರಿಯುತ್ತದೆ, ದೇಹದ ನಡುವಿನಲ್ಲಿ ಶುಗರ್ ಏರಿದರೂ ಇಳಿದರೂ ಬೆರಳಿಗೆ ಬೇಗ ಗೊತ್ತಾಗುತ್ತದೆ. ಮುಂಗೈ, ತೋಳು, ತೊಡೆ, ಮೀನಖಂಡದ ಚರ್ಮದಲ್ಲಿ ಓಟ ನಿಧಾನ. ಶುಗರ್ ನಿಂತ ನೀರಿನಂತೆ ಸ್ಥಿರವಾಗಿದ್ದಾಗ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಲೆಕ್ಕ ಬರುತ್ತದೆ. ವೇಗವಾಗಿ ಏರುವಾಗ ಅಥವಾ ಇಳಿಯುವಾಗ ಮುಂಗೈ ಹಿಂದೆ ಬೀಳುತ್ತದೆ, ಕೆಲವರಲ್ಲಿ ಇಪ್ಪತ್ತು ಮೂವತ್ತು ನಿಮಿಷದಷ್ಟು.

ಇಪ್ಪತ್ತು ನಿಮಿಷ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡಿದ್ದೀರಿ, ತಿಂಡಿ ತಿಂದದ್ದು ಕಮ್ಮಿಯಾಯಿತು, ತೋಟಕ್ಕೆ ಹೋಗಿ ಸೋಗೆ ಎಳೆದಿರಿ. ಶುಗರ್ ನಿಮಿಷಕ್ಕೆ ಎರಡರಂತೆ ಇಳಿಯುತ್ತಿದೆ ಎಂದಿಟ್ಟುಕೊಳ್ಳಿ. ಬೆರಳು 62 ತೋರಿಸುವ ಹೊತ್ತಿಗೆ ಇಪ್ಪತ್ತು ನಿಮಿಷ ಹಿಂದಿರುವ ಮುಂಗೈ 102 ತೋರಿಸುತ್ತದೆ. ಒಂದು ಲೆಕ್ಕ "ತಕ್ಷಣ ಸಕ್ಕರೆ ತಿನ್ನು" ಅನ್ನುತ್ತದೆ, ಇನ್ನೊಂದು "ಏನೂ ಆಗಿಲ್ಲ, ಕೆಲಸ ಮುಂದುವರಿಸು" ಅನ್ನುತ್ತದೆ. ಎರಡನೆಯದನ್ನು ನಂಬಿ ಕೂತವರು ಅರ್ಧ ಗಂಟೆಯಲ್ಲಿ ಬವಳಿ ಬಂದು ಬಿದ್ದಿರುತ್ತಾರೆ. ಮುಂಗೈಯನ್ನು ಜೋರಾಗಿ ಉಜ್ಜಿ ಬಿಸಿಮಾಡಿದರೆ ಅಂತರ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುತ್ತದೆ ಎಂದು ನೆಚ್ಚಿಕೊಳ್ಳಲಾಗದು.

ಆದ್ದರಿಂದ ಮುಂಗೈಗೆ ಚುಚ್ಚುವುದಾದರೆ ಬೆಳಗಿನ ಖಾಲಿಹೊಟ್ಟೆಯಲ್ಲಿ, ಇಲ್ಲವೇ ಊಟ, ಇನ್ಸುಲಿನ್, ಮೈಬಗ್ಗಿಸಿದ ಕೆಲಸ ಇವೆಲ್ಲ ಮುಗಿದು ಎರಡು ಗಂಟೆಯಾದರೂ ಕಳೆದ ಮೇಲೆ. ಕೈ ನಡುಗಿದರೆ, ಬೆವೆತರೆ, ಎದೆ ಡವಗುಟ್ಟಿದರೆ, ಸುಮ್ಮನೆ ಸಿಟ್ಟು ಬಂದರೂ ಸರಿ, ಬೆರಳು ಮಾತ್ರ. ಅಂದಿನ ಲೆಕ್ಕ ನೋಡಿ ಇನ್ಸುಲಿನ್ ಯೂನಿಟ್ಟು ಹೆಚ್ಚುಕಡಿಮೆ ಮಾಡಿಕೊಳ್ಳಿ ಎಂದು ನಿಮ್ಮ ಡಾಕ್ಟರು ಹೇಳಿದ್ದರೆ ಆ ಲೆಕ್ಕವೂ ಬೆರಳಿನದೇ ಆಗಬೇಕು. ಶುಗರ್ ಇಳಿದರೂ ಗೊತ್ತಾಗದವರಿದ್ದಾರೆ. ವರ್ಷಗಟ್ಟಲೆ ಇನ್ಸುಲಿನ್ ತೆಗೆದುಕೊಂಡವರಲ್ಲಿ ಮೈಯ ಎಚ್ಚರಿಕೆಯ ಗಂಟೆ ಮೌನವಾಗಿಬಿಡುತ್ತದೆ. ಅಂಥವರು ಮುಂಗೈ ಮಾತೇ ಎತ್ತಬಾರದು.

ಇನ್ನೊಂದು ವಿಷಯ. ಎಲ್ಲ ಮಶೀನುಗಳೂ ಮುಂಗೈ ರಕ್ತಕ್ಕೆ ಒಪ್ಪಿಗೆ ಪಡೆದವಲ್ಲ. ಡಬ್ಬಿಯೊಳಗಿನ, ನಾವು ಯಾರೂ ಓದದ ಆ ಮಡಚಿದ ಕಾಗದದಲ್ಲಿ ಯಾವ ಜಾಗಗಳಿಗೆ ಒಪ್ಪಿಗೆ ಇದೆ ಎಂದು ಬರೆದಿರುತ್ತದೆ. ಮಗನಿಗೆ ಅದರ ಫೋಟೋ ಕಳಿಸಿ ಓದಿಸಿ, ಅವರಿಗೂ ಒಂದು ಕೆಲಸವಾಗಲಿ. ಮುಂಗೈಗೆ ಪೆನ್ನಿನ ತುದಿಗೆ ಹಾಕುವ ಬೇರೆ ಪಾರದರ್ಶಕ ಮುಚ್ಚಳ ಬರುತ್ತದೆ. ಹನಿ ಬಂತೋ ಇಲ್ಲವೋ ಅದರೊಳಗಿಂದ ಕಾಣುತ್ತದೆ. ಇಷ್ಟೆಲ್ಲ ಮಾಡಿದರೂ ಅರವತ್ತು ದಾಟಿದವರ ತೆಳುವಾದ ಚರ್ಮದಲ್ಲಿ ನೀಲಿಗಟ್ಟುವುದುಂಟು. ನನ್ನ ಅನುಭವದಲ್ಲಿ ಮುಂಗೈ ಎಂದು ಉತ್ಸಾಹದಿಂದ ಶುರುಮಾಡಿದವರಲ್ಲಿ ಬಹಳ ಮಂದಿ ಎರಡು ವಾರದಲ್ಲಿ ಬೆರಳಿಗೇ ಮರಳುತ್ತಾರೆ, ಸಾಕಷ್ಟು ರಕ್ತ ಬರುವುದಿಲ್ಲ ಎಂಬ ಬೇಸರಕ್ಕೆ.

ಮುಂಗೈಗಿಂತ ಅಂಗೈ ವಾಸಿ. ಹೆಬ್ಬೆರಳ ಬುಡದಲ್ಲಿ ಉಬ್ಬಿದ ಮಾಂಸವಿದೆಯಲ್ಲ, ಅದು. ಅಥವಾ ಕಿರುಬೆರಳ ಕೆಳಗೆ ಅಂಗೈಯ ಹೊರ ಅಂಚು. ಬೆರಳಿನಷ್ಟು ನರ ಅಲ್ಲಿಲ್ಲ, ರಕ್ತದ ಓಟ ಬೆರಳಿಗೆ ಹತ್ತಿರ. ಊಟವಾದ ಮೇಲೆ ಅಳೆದಾಗಲೂ ಅಂಗೈ ಲೆಕ್ಕ ಬೆರಳಿನ ಲೆಕ್ಕಕ್ಕೆ ಮುಂಗೈಗಿಂತ ಚೆನ್ನಾಗಿ ಹೊಂದುತ್ತದೆ. ಆದರೆ ಅಡಿಕೆ ಸುಲಿದು, ಮುದ್ದೆ ತೊಳಸಿ ಅಂಗೈ ಜಡ್ಡುಗಟ್ಟಿದ್ದರೆ ಸೂಜಿ ಒಳಗಿಳಿಯುವುದಿಲ್ಲ. ಗೆರೆಗಳ ಮೇಲೆ, ನೀಲಿ ನರ ಕಾಣುವ ಕಡೆ, ಮಚ್ಚೆಯ ಮೇಲೆ ಚುಚ್ಚಬೇಡಿ. ಶುಗರ್ ತೀರಾ ಇಳಿದಿದೆ, ಲೋ ಆಗಿದೆ ಎಂಬ ಅನುಮಾನ ಬಂದಾಗ ಇಲ್ಲೂ ಅದೇ ಮಾತು, ಬೆರಳೇ.

ಈಗ ಬೆರಳಿಗೆ ಬರುತ್ತೇನೆ, ಇದೇ ಮುಖ್ಯ. ಬೆರಳ ತುದಿಯನ್ನು ನಿಮ್ಮ ಮುಖಕ್ಕೆ ನೇರವಾಗಿ ಹಿಡಿದು ಗಡಿಯಾರ ಅಂದುಕೊಳ್ಳಿ. ಉಗುರು ಇರುವುದು ಹನ್ನೆರಡರ ಕಡೆ, ತಿರುಳಿನ ನಡು ಆರು. ನೀವು ಚುಚ್ಚಬೇಕಾದ್ದು ನಾಲ್ಕು ಗಂಟೆಯ ಜಾಗಕ್ಕೆ ಅಥವಾ ಎಂಟು ಗಂಟೆಯ ಜಾಗಕ್ಕೆ. ಆರಕ್ಕೆ ಬಂದರೆ ನರಗಳ ಸಂತೆ, ಜೊತೆಗೆ ಏನು ಮುಟ್ಟಿದರೂ ತಾಗುವ ಜಾಗ. ಎರಡರ ಕಡೆಗೋ ಹತ್ತರ ಕಡೆಗೋ ಹೋದರೆ ಉಗುರಿನ ಅಂಚು. ಮಾಂಸ ತೆಳು, ಎಲುಬು ಹತ್ತಿರ, ಆ ನೋವೇ ಬೇರೆ. ತೀರಾ ತುದಿಯೂ ಬೇಡ, ಮೊದಲ ಗೆಣ್ಣಿನ ಗೆರೆಯ ಹತ್ತಿರವೂ ಬೇಡ. ಉಗುರು ಎಲ್ಲಿ ಶುರುವಾಗುತ್ತದೋ ಆ ಮಟ್ಟದಿಂದ ತುದಿಯ ನಡುವಿನ ಜಾಗ ಸಾಕು.

ಯಾವ ಬೆರಳು ಅನ್ನುವುದು ನಿಮ್ಮ ಕೆಲಸದ ಮೇಲೆ ನಿಂತಿದೆ. ಲ್ಯಾಬಿನವರು ಸಾಮಾನ್ಯವಾಗಿ ಹಿಡಿಯುವುದು ನಡುಬೆರಳು ಇಲ್ಲವೇ ಉಂಗುರಬೆರಳು. ಹೆಬ್ಬೆರಳು, ತೋರುಬೆರಳು ಎಲ್ಲ ಕೆಲಸಕ್ಕೂ ಮುಂದೆ ಬರುವಂಥವು, ಚರ್ಮವೂ ದಪ್ಪ. ಕಿರುಬೆರಳಲ್ಲಿ ಮಾಂಸ ಕಮ್ಮಿ, ಆಸ್ಪತ್ರೆಗಳಲ್ಲಿ ಅದನ್ನು ಬಿಡುತ್ತಾರೆ. ಮನೆಯ ಪೆನ್ನಿನ ಕಡಿಮೆ ಆಳದ ಸೂಜಿಗೆ, ಕೈ ತುಂಬಿಕೊಂಡಿದ್ದರೆ, ಅಡ್ಡಿಯಿಲ್ಲ. ಹೂ ಕಟ್ಟುವಾಗ ನಿಮಗೆ ಬೇಕಾದ್ದು ಹೆಬ್ಬೆರಳು, ತೋರುಬೆರಳು, ನಡುಬೆರಳು. ಹಾಗಾಗಿ ನಡುಬೆರಳಲ್ಲಿ ಉಂಗುರಬೆರಳ ಕಡೆಯ ಪಕ್ಕವನ್ನು ಮಾತ್ರ ಬಳಸಿ. ವೀಣೆ ನುಡಿಸುವ ಒಬ್ಬರು ನನ್ನ ಬಳಿ ಬರುತ್ತಿದ್ದರು. ತಂತಿ ಒತ್ತುವ ಎಡಗೈ ಬೆರಳುಗಳನ್ನು ಅವರು ಮುಟ್ಟಗೊಡುತ್ತಲೇ ಇರಲಿಲ್ಲ. ಪೂರ್ತಿ ಬಲಗೈ ಉಂಗುರಬೆರಳು, ಕಿರುಬೆರಳು, ಅಂಗೈಯಂಚು ಇಷ್ಟರಲ್ಲೇ ವರ್ಷಗಟ್ಟಲೆ ಸುತ್ತು ಹಾಕಿದರು. ಹೀಗೆ ಅವರವರ ಕೈಗೆ ಅವರವರೇ ನಕ್ಷೆ ಹಾಕಿಕೊಳ್ಳಬೇಕು.

ನಿಮ್ಮ ನಕ್ಷೆ ಹೀಗಿರಲಿ. ಎರಡೂ ಕೈಗಳ ಉಂಗುರಬೆರಳು, ಕಿರುಬೆರಳು: ನಾಲ್ಕು ಬೆರಳು, ಎರಡೆರಡು ಪಕ್ಕ, ಎಂಟು ಜಾಗ. ನಡುಬೆರಳಿನ ಒಂದೊಂದು ಪಕ್ಕ ಸೇರಿದರೆ ಹತ್ತು. ದಿನಕ್ಕೆ ಎರಡು ಸಲದಂತೆ ಒಂದು ಜಾಗದ ಸರದಿ ಮತ್ತೆ ಬರುವುದು ಐದು ದಿನಕ್ಕೆ. ಈಗ ಒಂದೇ ಜಾಗಕ್ಕೆ ಹನ್ನೆರಡು ತಾಸಿಗೊಮ್ಮೆ ಬೀಳುತ್ತಿರುವ ಪೆಟ್ಟಿನ ಜೊತೆ ಹೋಲಿಸಿ ನೋಡಿ. ಇವತ್ತಿನದು ಯಾವ ಬೆರಳು ಎಂದು ನೆನಪಿಡಲು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದ ಹಾಗೆ ತಾರೀಖಿನ ಪಕ್ಕ 'ಬಲ ಉಂಗುರ' ಎಂದು ಗೀಚಿದರೆ ಸಾಕು. ನಡುಬೆರಳು, ತೋರುಬೆರಳುಗಳ ತಿರುಳಿಗೆ ಒಂದೆರಡು ತಿಂಗಳು ಪೂರ್ತಿ ರಜೆ ಕೊಡಿ. ಕಪ್ಪು ಚುಕ್ಕೆಗಳು ನಿಧಾನಕ್ಕೆ ಮಾಸುತ್ತವೆ. ಯಾವುದಾದರೂ ಕೆಂಪಾಗಿ ಊದಿಕೊಂಡು, ಮುಟ್ಟಿದರೆ ಬಿಸಿಯಾಗಿ, ಕೀವಿನ ಹಾಗೆ ಕಂಡರೆ ಮಾತ್ರ ಅರಿಶಿನ ಹಚ್ಚಿ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಪೆನ್ನಿನ ಮೇಲೆ ಒಂದರಿಂದ ಐದರವರೆಗೋ ಏಳರವರೆಗೋ ಅಂಕಿಗಳಿರುತ್ತವೆ, ಸೂಜಿ ಎಷ್ಟು ಆಳಕ್ಕೆ ಹೋಗಬೇಕು ಎಂಬುದು ಅದು. ಅಂಗಡಿಯಿಂದ ತಂದ ದಿನ ಎಷ್ಟಕ್ಕಿತ್ತೋ ಅಷ್ಟಕ್ಕೇ ಬಿಟ್ಟವರೇ ಜಾಸ್ತಿ. ನೀವು ಒಂದಕ್ಕೆ ಇಳಿಸಿ ನೋಡಿ. ಹನಿ ಬರದಿದ್ದರೆ ಒಂದೂವರೆ, ಎರಡು ಹೀಗೆ ಏರಿಸುತ್ತ ಹೋಗಿ, ಮೊದಲ ಸಲ ಸಾಕಷ್ಟು ಹನಿ ಬಂದಲ್ಲಿ ನಿಲ್ಲಿಸಿ. ಹನಿ ತಾಗಿಸಲು ಮಶೀನಿಗೆ ಸಿಕ್ಕಿಸುವ ಈಗಿನ ಸ್ಟ್ರಿಪ್ಪುಗಳಿಗೆ ಬೇಕಾದ ರಕ್ತ ತೀರಾ ಕಡಿಮೆ, ಒಂದು ಮೈಕ್ರೋಲೀಟರಿಗಿಂತಲೂ ಕಮ್ಮಿಯಲ್ಲಿ ಮುಗಿಯುವಂಥವು ಬಹಳ ಇವೆ. 1970ರಲ್ಲಿ ಅಮೆರಿಕದಲ್ಲಿ ಮೊದಲ ಮಶೀನು ಬಂದಾಗ ಅದು ಒಂದು ಕಿಲೋಗಿಂತ ಭಾರವಿತ್ತು, ಪಟ್ಟಿಯ ಮೇಲೆ ದೊಡ್ಡ ಹನಿ ರಕ್ತ ಹಾಕಿ, ಒಂದು ನಿಮಿಷ ಕಾದು, ನೀರಿನಲ್ಲಿ ತೊಳೆದು ಅಳೆಯಬೇಕಿತ್ತು. ರಾಗಿಕಾಳಿನಷ್ಟು ಹನಿ ಸಾಕಾಗುವ ಕಾಲದಲ್ಲೂ ನಾವು ಆ ಕಾಲದ ಆಳಕ್ಕೆ ಚುಚ್ಚಿಕೊಳ್ಳುತ್ತಿದ್ದೇವೆ.

ಪೆನ್ನನ್ನು ಚರ್ಮಕ್ಕೆ ಹದವಾಗಿ ಒತ್ತಿ ಹಿಡಿಯಿರಿ. ಸಡಿಲ ಹಿಡಿದರೆ ಚರ್ಮ ಹಿಂದಕ್ಕೆ ಜಾರಿ ಹನಿ ಬರುವುದಿಲ್ಲ, ಮತ್ತೆ ಚುಚ್ಚಬೇಕಾಗುತ್ತದೆ. ವಿಪರೀತ ಒತ್ತಿದರೆ ಸೂಜಿ ಬೇಕಾದ್ದಕ್ಕಿಂತ ಆಳಕ್ಕೆ ಹೋಗುತ್ತದೆ. ಸೂಜಿಯ ದಪ್ಪಕ್ಕೂ ನಂಬರಿದೆ, ಇಲ್ಲಿ ಲೆಕ್ಕ ತಿರುಗುಮುರುಗು: ನಂಬರು ಹೆಚ್ಚಿದಷ್ಟೂ ಸೂಜಿ ತೆಳು. 28ಕ್ಕಿಂತ 30 ತೆಳು, ಅದಕ್ಕಿಂತ 33 ತೆಳು. 30ರ ಸೂಜಿ ಸುಮಾರು 0.3 ಮಿಲಿಮೀಟರ್. ಮೆಡಿಕಲ್ ಅಂಗಡಿಯಲ್ಲಿ ನಂಬರು ಹೇಳಿ ಕೇಳಿ, ನಿಮ್ಮ ಪೆನ್ನಿಗೆ ಹೊಂದುತ್ತದೆಯೇ ಎಂದೂ ನೋಡಿ. ಕೆಲಸದ ಕೈಗೆ 33 ತೀರಾ ತೆಳುವಾಗಿ ಹನಿ ಬರದೇ ಹೋಗಬಹುದು, ನಾನಾದರೆ ನಿಮಗೆ 30ರಿಂದ ಶುರುಮಾಡುತ್ತೇನೆ.

ಅರ್ಧ ನೋವು ಸೂಜಿಯದಲ್ಲ, ಅದರ ಹಿಂದೆಯೇ ಬರುವ ಹಿಂಡುವಿಕೆಯದು. ನಿಮ್ಮ ಕಡೆ ಡಿಸೆಂಬರ್ ಜನವರಿಯ ಬೆಳಿಗ್ಗೆ ಕೈ ಮಂಜುಗಡ್ಡೆಯಾಗಿರುತ್ತದೆ, ನಾಳಗಳು ಮುದುಡಿರುತ್ತವೆ. ಆಗ ಚುಚ್ಚಿ, ಹನಿ ಬರಲಿಲ್ಲವೆಂದು ತುದಿಯನ್ನು ಹಸುವಿನ ಮೊಲೆ ಹಿಂಡಿದ ಹಾಗೆ ಹಿಂಡುತ್ತಾರೆ. ಬರುವುದು ರಕ್ತದ ಜೊತೆ ಮಾಂಸದ ನಡುವಿನ ನೀರು; ನೋವೂ ಆಯಿತು, ಲೆಕ್ಕವೂ ಕೆಟ್ಟಿತು. ಅದರ ಬದಲು ಬಚ್ಚಲ ಹಂಡೆಯ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು ಸೋಪು ಹಚ್ಚಿ ಕೈ ತೊಳೆಯಿರಿ. ಶುಗರಿನಿಂದ ಕೈ ಜೋಮು ಹಿಡಿದಿದ್ದರೆ ನೀರಿನ ಬಿಸಿ ಗೊತ್ತಾಗುವುದಿಲ್ಲ, ಮೊದಲು ಬೇರೆಯವರಿಂದ ಮುಟ್ಟಿಸಿ ನೋಡಿ. ಚೆನ್ನಾಗಿ ಒರೆಸಿಕೊಂಡು, ಕೈಯನ್ನು ಒಂದು ನಿಮಿಷ ಸೊಂಟದಿಂದ ಕೆಳಗೆ ಜೋತುಬಿಡಿ. ಅಂಗೈಯಿಂದ ಬೆರಳ ಕಡೆಗೆ ಎರಡು ಮೂರು ಸಲ ನೀವಿ. ಸ್ಟ್ರಿಪ್ಪನ್ನು ಚುಚ್ಚುವ ಮೊದಲೇ ಮಶೀನಿಗೆ ಹಾಕಿಟ್ಟಿರಿ, ಹನಿ ಬಂದ ಮೇಲೆ ಡಬ್ಬಿ ಹುಡುಕುವ ಪೇಚು ಬೇಡ. ಚುಚ್ಚಿದ ಮೇಲೆ ಐದಾರು ಸೆಕೆಂಡು ಸುಮ್ಮನಿರಿ. ಬಹಳ ಸಲ ಹನಿ ತಾನಾಗಿಯೇ ಮೇಲೆ ಬರುತ್ತದೆ.

ತೊಳೆಯುವ ವಿಷಯ ಬಂತು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿ ಚುಚ್ಚುವ ಅಭ್ಯಾಸ ನಮ್ಮ ಆಸ್ಪತ್ರೆಗಳಿಂದ ಮನೆಗೆ ಬಂದದ್ದು. ಅದು ಆರುವ ಮೊದಲೇ ಚುಚ್ಚಿದರೆ ಗಾಯಕ್ಕೆ ತಾಗಿ ಉರಿಯುತ್ತದೆ. ದಿನಾ ಹಚ್ಚಿದರೆ ಚರ್ಮ ಒಣಗಿ ಬಿರಿಯುತ್ತದೆ. ಹುಣಸೆಹಣ್ಣು ತಾಗಿದಾಗಿನ ನಿಮ್ಮ ಉರಿಯಲ್ಲಿ ಇದರ ಪಾಲೂ ಇರಬಹುದು. ಮನೆಯಲ್ಲಿ ಸೋಪು ನೀರು ಸಾಕು, ಸಾಕು ಮಾತ್ರವಲ್ಲ, ಅದೇ ಮೇಲು. ಜಪಾನಿನ ವೈದ್ಯರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕಿತ್ತಳೆ, ದ್ರಾಕ್ಷಿ, ಕಿವಿಹಣ್ಣಿನ ಸಿಪ್ಪೆ ಸುಲಿದವರ ಬೆರಳಿಂದ ರಕ್ತ ತೆಗೆದು ನೋಡಿದ್ದರು. ಕೈ ತೊಳೆಯದಿದ್ದಾಗ ಶುಗರ್ ಸುಳ್ಳೇ ಏರಿ ಕಂಡಿತು, ಸ್ಪಿರಿಟ್ಟಿನಲ್ಲಿ ಒರೆಸಿದರೂ ಆ ಸುಳ್ಳು ಹೋಗಲಿಲ್ಲ, ನೀರಲ್ಲಿ ತೊಳೆದಾಗ ಹೋಯಿತು. ಅರ್ಧ ಮೈಕ್ರೋಲೀಟರ್ ರಕ್ತದಲ್ಲಿ, ಶುಗರ್ 100 ಇದ್ದರೆ, ಇರುವ ಗ್ಲುಕೋಸು ಒಂದು ಮಿಲಿಗ್ರಾಮಿನ ಎರಡು ಸಾವಿರದಲ್ಲೊಂದು ಪಾಲು. ಬೆರಳಿಗೆ ಅಂಟಿದ ಹಲಸಿನ ತೊಳೆಯ ರಸವೋ ಜೋನಿಬೆಲ್ಲವೋ ಅಷ್ಟನ್ನು ಸೇರಿಸಿಬಿಟ್ಟರೆ 100 ಇದ್ದದ್ದು 200 ಆಗುತ್ತದೆ. ಮಾವಿನಹಣ್ಣಿನ ಕಾಲದಲ್ಲಿ "ತಿಂದದ್ದು ಮೊಮ್ಮಕ್ಕಳು ಡಾಕ್ಟ್ರೇ, ನಾನು ಹೆಚ್ಚಿಕೊಟ್ಟಿದ್ದಷ್ಟೇ, ಆದರೂ 310 ಬಂತು" ಎಂದು ಗಾಬರಿಯಿಂದ ಬಂದವರೊಬ್ಬರಿದ್ದರು. ಕೈ ತೊಳೆಸಿ ಮತ್ತೆ ನೋಡಿದರೆ 148. ಮಾವು ತಿಂದಿರಲಿಲ್ಲ ಎಂದು ಅವರ ಮಗಳು ಆಗ ನಂಬಿದಳು.

ನೀರು ಸಿಗದ ಕಡೆ, ಬಸ್ಸಿನಲ್ಲೋ ಮದುವೆಮನೆಯಲ್ಲೋ, ಮೊದಲ ಹನಿಯನ್ನು ಒರೆಸಿ ಎರಡನೆಯದನ್ನು ಬಳಸಿ. ತೊಳೆದ ಕೈಯಾದರೆ ಮೊದಲ ಹನಿಯೇ ಸರಿ. ಎಣ್ಣೆ, ಕ್ರೀಮು ಹಚ್ಚುವುದು ರಾತ್ರಿ ಮಲಗುವಾಗ ಆಗಲಿ. ಅಡಿಕೆ ಚೊಗರಿಗೆ ಒಡೆದ ಬೆರಳಿಗೆ ಕೊಬ್ಬರಿ ಎಣ್ಣೆ ಒಳ್ಳೆಯದೇ, ಬೆಳಿಗ್ಗೆ ತೊಳೆದುಬಿಟ್ಟರಾಯಿತು. ಸುಲಿತದ ದಿನಗಳಲ್ಲಿ ಮೆಟ್ಟುಗತ್ತಿಯ ಗೀರು, ಬಿರುಕು ಇರುವ ಬೆರಳನ್ನು ಅಂದಿನ ಸರದಿಯಿಂದ ಬಿಡಿ.

ಕಾಲ್ಬೆರಳ ಮಾತು ಕೇಳಿದ್ದೀರಿ. ಹುಟ್ಟಿದ ಮಗುವಿಗೆ ಹಿಮ್ಮಡಿಯಿಂದ ರಕ್ತ ತೆಗೆಯುವುದನ್ನು ಆಸ್ಪತ್ರೆಯಲ್ಲಿ ಕಂಡವರಿಗೆ ಈ ಯೋಚನೆ ಬರುವುದು ಸಹಜ. ಮಗುವಿನ ಬೆರಳು ತೀರಾ ಸಣ್ಣದು, ಎಲುಬಿಗೆ ತಾಗೀತೆಂಬ ಭಯಕ್ಕೆ ಹಿಮ್ಮಡಿಯ ಪಕ್ಕ ಆರಿಸುತ್ತಾರೆ. ಹನ್ನೆರಡು ವರ್ಷ ಶುಗರ್ ಇರುವವರ ಕಾಲಿನಲ್ಲಿ ರಕ್ತದ ಓಟವೂ ಸ್ಪರ್ಶವೂ ಕುಗ್ಗಿರುವ ಸಾಧ್ಯತೆ ಇದೆ. ಅಲ್ಲಿ ಒಂದು ಸಣ್ಣ ತೂತಾಗಿ, ಗದ್ದೆಯ ಕೆಸರು ಸೇರಿ, ನೋವೂ ಗೊತ್ತಾಗದೆ ಹುಣ್ಣಾದರೆ ಏನಾಗುತ್ತದೆ ಎಂಬುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಿವಿಯ ಹಾಲೆಯಿಂದ ತೆಗೆಯುವ ಪದ್ಧತಿಯೂ ಕೆಲವು ದೇಶಗಳ ಆಸ್ಪತ್ರೆಗಳಲ್ಲಿದೆ, ಆದರೆ ಕನ್ನಡಿ ನೋಡಿಕೊಂಡು ತಾನೇ ಮಾಡಿಕೊಳ್ಳುವ ಕೆಲಸ ಅದಲ್ಲ. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ಡಯಾಲಿಸಿಸ್ಸಿಗೆಂದು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿಸಿದ ಕೈ, ಸ್ತನದ ಆಪರೇಷನ್ನಿನಲ್ಲಿ ಕಂಕುಳ ಗಂಟು ತೆಗೆಸಿದ ಕಡೆಯ ಕೈ, ಊದಿಕೊಂಡ ಕೈ, ಇವುಗಳಿಗೆ ಚುಚ್ಚದೆ ಇನ್ನೊಂದು ಕೈಯನ್ನೇ ಬಳಸಿ.

ವಾಚಿನ ವಿಚಾರ. ಮಗನಿಗೆ ಆ ದುಡ್ಡು ಉಳಿಸಲು ಹೇಳಿ. ಚರ್ಮ ಚುಚ್ಚದೆ ಶುಗರ್ ಅಳೆಯುತ್ತೇವೆನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಅಂಥ ಒಂದನ್ನೂ ತಾನು ಒಪ್ಪಿಲ್ಲ ಎಂದು ಹೇಳಿತು. ಆ ಸುಳ್ಳು ಲೆಕ್ಕ ನಂಬಿ ಇನ್ಸುಲಿನ್ ಹಾಕಿಕೊಂಡರೆ ಪ್ರಾಣಕ್ಕೇ ಬರಬಹುದು. ಮಗನಿಗೆ ಖರ್ಚು ಮಾಡುವ ಮನಸ್ಸಿದ್ದರೆ ತೋಳಿನ ಹಿಂಭಾಗಕ್ಕೆ ಅಂಟಿಸುವ ಸೆನ್ಸರ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಲಿ. ಅದು ವಾಚಲ್ಲ, ಕೂದಲೆಳೆಯಂಥ ತಂತುವೊಂದು ಚರ್ಮದಡಿ ಕೂತು ಹಗಲು ರಾತ್ರಿ ಲೆಕ್ಕ ಕೊಡುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವಂಥದ್ದು 14 ದಿನ ಬರುತ್ತದೆ. ದುಬಾರಿ. ಯಾವಾಗಲೂ ಹಾಕಿಕೊಂಡಿರಲೇಬೇಕೆಂದಿಲ್ಲ, ಅಡಿಕೆ ಸುಲಿತದ ಹದಿನೈದು ದಿನಕ್ಕೊಂದು ಹಾಕಿಸಿಕೊಂಡರೆ ಬೆರಳಿಗೂ ಬಿಡುವು, ಡಾಕ್ಟರಿಗೂ ನಿಮ್ಮ ಶುಗರಿನ ನಡೆ ಪೂರ್ತಿ ಕಾಣುತ್ತದೆ. ಅದು ಅಳೆಯುವುದು ರಕ್ತವನ್ನಲ್ಲ, ಮಾಂಸದ ನಡುವಿನ ನೀರನ್ನು. ಅಲ್ಲೂ ಕೆಲವು ನಿಮಿಷಗಳ ಹಿನ್ನಡೆ ಇದೆ. ಸೆನ್ಸರ್ ತೋರಿಸಿದ್ದಕ್ಕೂ ಮೈ ಹೇಳುವುದಕ್ಕೂ ತಾಳೆಯಾಗದಿದ್ದರೆ ಮತ್ತೆ ಬೆರಳೇ ಗತಿ.

ಮೈ ನಡುಗಿ, ಬೆರಳಿನ ಲೆಕ್ಕ 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ನೀರಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು ಎಂದು ನಿಮಗೆ ಯಾರಾದರೂ ಹೇಳಿಕೊಟ್ಟಿರುತ್ತಾರೆ. ಮಶೀನು ಕೈಗೆ ಸಿಗದಿದ್ದರೆ ಅಳೆಯಲು ಕಾಯದೆ ಮೊದಲು ಕುಡಿಯಿರಿ. ನಾನು ಸೇರಿಸುವುದು ಇಷ್ಟೇ: ಗ್ಲುಕೋಸ್ ಕದಡಿದ ಅದೇ ಬೆರಳಿಗೆ ತೊಳೆಯದೆ ಚುಚ್ಚಿ "ಅಬ್ಬ, 180 ಆಯ್ತು" ಎಂದು ಮಲಗಬೇಡಿ.

ದಿನಕ್ಕೆ ಎರಡೇ ಸಲ ನೋಡಬೇಕೇ, ಕಮ್ಮಿ ಮಾಡಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮಗೆ ಇನ್ಸುಲಿನ್ ಇರುವುದರಿಂದ ಅದನ್ನು ನಿಮ್ಮ ಡಾಕ್ಟರನ್ನು ಕೇಳದೆ ಬದಲಿಸಬೇಡಿ. ಯಜಮಾನರ ವಿಷಯ ಬೇರೆ ಇರಬಹುದು. ಅವರು ಮೆಟ್‌ಫಾರ್ಮಿನ್ ಮಾತ್ರೆಯೊಂದರಲ್ಲೇ ಇದ್ದು, ಮೂರು ತಿಂಗಳ ಸರಾಸರಿಯ ಎಚ್‌ಬಿಎ1ಸಿ ಚೆನ್ನಾಗಿದ್ದರೆ ದಿನಾ ಚುಚ್ಚಿಕೊಳ್ಳುವ ಅಗತ್ಯವೇ ಇರಲಿಕ್ಕಿಲ್ಲ. ನಿಮ್ಮ ಜೊತೆಗೆ ಕೂತು ಸುಮ್ಮನೆ ಅಭ್ಯಾಸಕ್ಕೆ ಚುಚ್ಚಿಕೊಳ್ಳುತ್ತಿದ್ದಾರೇನೋ ವಿಚಾರಿಸಿ. ಗ್ಲಿಮೆಪಿರೈಡ್‌ನಂಥ, ಶುಗರನ್ನು ತೀರಾ ಇಳಿಸಬಲ್ಲ ಮಾತ್ರೆಯಿದ್ದರೆ ಲೆಕ್ಕ ಬೇರೆ.

ಈಗ ಪೆನ್ನು. ಸೂಜಿ ಬದಲಿಸಿದರೂ ಚರ್ಮಕ್ಕೆ ತಾಗುವ ಪೆನ್ನಿನ ಮುಚ್ಚಳದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿರುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ಸು ಹಾಗೆ ಒಣಗಿದ ರಕ್ತದಲ್ಲೂ ಏಳು ದಿನವಾದರೂ ಜೀವ ಹಿಡಿದುಕೊಂಡಿರಬಲ್ಲದು. ವಯಸ್ಸಾದವರ ಆರೈಕೆ ಮನೆಗಳಲ್ಲಿ ಒಂದೇ ಪೆನ್ನನ್ನು ಹಲವರಿಗೆ ಬಳಸಿ ಈ ಕಾಮಾಲೆ ಹರಡಿದ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಗಂಡ ಹೆಂಡತಿಗೆ ಇದೆಲ್ಲ ಯಾಕೆ ಎಂದು ಯಜಮಾನರು ಕೇಳಿಯಾರು. ಇಷ್ಟು ದಿನ ಹಂಚಿಕೊಂಡಿದ್ದೀರಿ ಅಂದ ಮೇಲೆ ಮುಂದಿನ ಸಲ ರಕ್ತ ಪರೀಕ್ಷೆಗೆ ಹೋದಾಗ ಇಬ್ಬರೂ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಮಾಡಿಸಿಬಿಡಿ. ಬಿ ಇಲ್ಲವೆಂದಾದರೆ ಅದಕ್ಕೆ ಲಸಿಕೆ ಇದೆ, ಡಾಕ್ಟರನ್ನು ಕೇಳಿ. ಮಶೀನೂ ಬೇರೆ ಬೇರೆ ಇದ್ದರೆ ಒಳ್ಳೆಯದು. ಒಂದೇ ಇದ್ದರೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುವ ಮೊದಲು, ಜೊತೆಗೆ ಬಂದ ಕಾಗದದಲ್ಲಿ ಹೇಳಿದಂತೆ ಒರೆಸಿ. ನಿಮ್ಮ ಲೆಕ್ಕ ಅವರ ಪುಸ್ತಕಕ್ಕೆ ಹೋಗದಂತೆಯೂ ನೋಡಿಕೊಳ್ಳಿ.

ಸೂಜಿ ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದ್ದೀರಿ. ಡಬ್ಬಿಯ ಮೇಲೆ ಬರೆದಿರುವುದು ಒಂದು ಸಲಕ್ಕೆ ಒಂದು, ನಾನು ಹೇಳುವುದೂ ಅದೇ. ಒಮ್ಮೆ ಚುಚ್ಚಿದ ಸೂಜಿಯ ಮೊನೆ ಮೊಂಡಾಗುತ್ತದೆ, ಕೆಲವೊಮ್ಮೆ ಕೊಕ್ಕೆಯ ಹಾಗೆ ಬಾಗುತ್ತದೆ. ಎರಡನೆಯ ಸಲಕ್ಕೆ ಅದು ಚುಚ್ಚುವ ಬದಲು ಚರ್ಮವನ್ನು ಹರಿದುಹಾಕುತ್ತದೆ. ನಮ್ಮ ಮನೆಗಳಲ್ಲಿ ಒಂದು ಸೂಜಿ ವಾರಗಟ್ಟಲೆ ನಡೆಯುತ್ತದೆ ಎಂಬುದೂ ನನಗೆ ಗೊತ್ತು. ಸ್ಟ್ರಿಪ್ಪಿನ ಬೆಲೆಯ ಮುಂದೆ ಸೂಜಿಯ ಬೆಲೆ ಏನೂ ಅಲ್ಲ, ಉಳಿತಾಯ ಇಲ್ಲಿ ಬೇಡ. ಸ್ಪಿರಿಟ್ಟಿನಲ್ಲಿ ಒರೆಸಿ, ನೀರಲ್ಲಿ ಕುದಿಸಿ ಹೊಸದು ಮಾಡಲಂತೂ ಹೋಗಬೇಡಿ. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ಕಿನ ಫಿನಾಯಿಲ್ ಬಾಟಲಿಯಂಥದ್ದಕ್ಕೆ ಹಾಕುತ್ತ ಹೋಗಿ, ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿದು ಇನ್ಸುಲಿನ್ ತರಲು ಹೋದಾಗ ಆಸ್ಪತ್ರೆಗೋ ಲ್ಯಾಬಿಗೋ ಕೊಟ್ಟುಬನ್ನಿ. ತಿಪ್ಪೆಗೆ ಎಸೆದರೆ ಗೊಬ್ಬರ ಎತ್ತುವವರ ಕೈಗೆ ಚುಚ್ಚುತ್ತದೆ.

ಹೊಸ ಪೆನ್ನು ಬಂದ ಮೇಲೆ ಎರಡೂ ನೋಡಲು ಒಂದೇ ಥರ ಇದ್ದರೆ, ನಿಮ್ಮದಕ್ಕೆ ಹೂ ಕಟ್ಟುವ ಬಣ್ಣದ ದಾರ ನಾಲ್ಕು ಸುತ್ತು ಸುತ್ತಿ ಗಂಟುಹಾಕಿಡಿ.